ಜ್ಯೂರಿ ನಿರ್ಧಾರವೇ ಅಂತಿಮ. ಸರಿ, ಕಾರಣ ಎಲ್ಲಿ?

1/5

ಫೋಟೋದಲ್ಲಿ ಕಾಣ್ತಿರೋ ಮೊಮೆಂಟೊ ನಂದೇ. ಮೂರು ವರ್ಷದ ಹಿಂದೆ ನಮ್ಮ ವಿಜಯನಗರ ಕಡೆ ನಡೆದ ಒಂದು ಯುವ ಕಿರುಚಿತ್ರೋತ್ಸವದಲ್ಲಿ ಜ್ಯೂರಿಯಾಗಿ ಕೂತಿದ್ದಕ್ಕೆ ಕೊಟ್ಟಿದ್ದು. ಯಾವ ಉತ್ಸವ ಅಂತ ಹೇಳಲ್ಲ, ಕಮೆಂಟಲ್ಲಿ ಕೇಳ್ಬೇಡಿ. ನಾನು ಬಯ್ಯೋಕೆ ಹೊರಟಿರೋದು ಯಾರೋ ಒಬ್ಬರನ್ನಲ್ಲ. ಬಯ್ಸಿಕೊಳ್ಳೋರ ಪಟ್ಟಿಯಲ್ಲಿ ನಾನೂ ಇದ್ದೀನಿ.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಒಂದು ಲ್ಯಾಪ್‌ಟಾಪ್ ಮುಂದೆ ಮೂರು ಜನ ಕೂತ್ವಿ. 38 ಸಿನಿಮಾ. ಐದು ಗಂಟೆಗೆ ಚೀಫ್ ಗೆಸ್ಟ್ ಬರ್ತಾರೆ, ಅಷ್ಟರಲ್ಲಿ ರಿಸಲ್ಟ್ ರೆಡಿ ಇರ್ಬೇಕು ಅಂದ್ರು. ಒಂದೊಂದು ಹತ್ತೇ ನಿಮಿಷ ಅಂತ ಇಟ್ಕೊಂಡ್ರೂ ಆರು ಗಂಟೆ ಮೇಲಾಗುತ್ತೆ. ನಮ್ಮ ಹತ್ರ ಇದ್ದಿದ್ದು ಮೂರು ಗಂಟೆ. ಮೊದಲ ಆರೇಳು ಸಿನಿಮಾ ಪೂರ್ತಿ ನೋಡಿದ್ವಿ. ಆಮೇಲೆ ಶುರು, ನಡು, ಕೊನೆ. ಕಡೆಕಡೆಗೆ ಬರೀ ಶುರು. ಅಂಕಪಟ್ಟಿಯಲ್ಲಿ ಕಥೆಗೆ 10, ಕ್ಯಾಮೆರಾಗೆ 10, ಕ್ಲೈಮ್ಯಾಕ್ಸ್‌ಗೆ 10 ಅಂತ ಕಾಲಂ ಇತ್ತು. ನೋಡದೇ ಇದ್ದ ಕ್ಲೈಮ್ಯಾಕ್ಸ್‌ಗೂ ಅಂಕ ಹಾಕಿದ್ವಿ.

ಪ್ರೋಗ್ರಾಂ ಮುಗಿದ ಮೇಲೆ ಕೆಂಗೇರಿ ಕಡೆಯ ಒಬ್ಬ ಹುಡುಗ ಬಂದ. ಜಗಳಕ್ಕಲ್ಲ. "ಸರ್, ನಂದು ಯಾಕೆ ಬರ್ಲಿಲ್ಲ ಅಂತ ಸ್ವಲ್ಪ ಹೇಳ್ತೀರಾ? ಮುಂದಿನ ಸಲ ಸರಿ ಮಾಡ್ಕೋತೀನಿ" ಅಂದ. ಅವನ ಸಿನಿಮಾ ಯಾವುದು ಅಂತಾನೇ ನನಗೆ ಹೊಳೀಲಿಲ್ಲ. "ತುಂಬಾ ಟಫ್ ಕಾಂಪಿಟಿಷನ್ ಇತ್ತಪ್ಪ" ಅಂದೆ. ಥ್ಯಾಂಕ್ಸ್ ಹೇಳಿ ಹೋದ.

ಆ ಥ್ಯಾಂಕ್ಸ್ ಇವತ್ತಿಗೂ ಚುಚ್ಚುತ್ತೆ.

2/5

ಇಂಥ ಉತ್ಸವದ ಪೋಸ್ಟರ್ ಯಾವುದನ್ನಾದ್ರೂ ತೆಗೆದು ನೋಡಿ. ಕೆಳಗೆ ಚಿಕ್ಕ ಅಕ್ಷರದಲ್ಲಿ "ತೀರ್ಪುಗಾರರ ನಿರ್ಧಾರವೇ ಅಂತಿಮ" ಅಂತ ಇರುತ್ತೆ. ಇರ್ಲಿ, ನನ್ನ ತಕರಾರು ಅದಕ್ಕಲ್ಲ. ಯಾರಾದ್ರೂ ಕೊನೇ ಮಾತು ಹೇಳಲೇಬೇಕು. ಆದ್ರೆ ಅಂತಿಮ ಅಂದ್ರೆ ಬಾಯಿ ಮುಚ್ಕೊಂಡಿರೋದು ಅಂತ ಯಾವಾಗ ಅರ್ಥ ಆಯ್ತು? ಸುಪ್ರೀಂ ಕೋರ್ಟ್ ತೀರ್ಪೂ ಅಂತಿಮವೇ, ಅವರು ನೂರಾರು ಪುಟ ಕಾರಣ ಬರೀತಾರೆ. ನಮಗೆ ಎರಡು ಸಾಲು ಬರೆಯೋಕೆ ಪುರುಸೊತ್ತಿಲ್ಲ.

ಪುರುಸೊತ್ತಿಲ್ಲ ಅನ್ನೋದೂ ಪೂರ್ತಿ ನಿಜ ಅಲ್ಲ ಬಿಡಿ. ಸಿನಿಮಾ ನೋಡಿದವನಿಗೆ ಎರಡು ಸಾಲು ಬರೆಯೋಕೆ ಐದು ನಿಮಿಷ ಸಾಕು. ನೋಡದೇ ಇದ್ದವನಿಗೆ ಇಡೀ ದಿನ ಕೊಟ್ರೂ ಆಗಲ್ಲ. ಕಾರಣ ಬರೀರಿ ಅಂತ ಕೇಳಿದ್ರೆ ಮೊದಲು ಬಯಲಾಗೋದೇ ಇದು. ಅದಕ್ಕೇ ಯಾರೂ ಕೇಳಲ್ಲ.

ಇನ್ನೊಂದು ಜಾತಿ ಉತ್ಸವ ಇದೆ. ಅದಕ್ಕೆ ಥಿಯೇಟರೂ ಇಲ್ಲ, ಪ್ರೇಕ್ಷಕರೂ ಇಲ್ಲ. ಆನ್‌ಲೈನಲ್ಲಿ ಎಂಟ್ರಿ ಫೀಸ್ ಕಟ್ಟು, ತಿಂಗಳ ಕೊನೆಗೆ ಎಲೆ ಸುತ್ತಿರೋ ಲೋಗೋ ಈಮೇಲಲ್ಲಿ ಬರುತ್ತೆ: ಬೆಸ್ಟ್ ಸ್ಟೂಡೆಂಟ್ ಫಿಲ್ಮ್, ಬೆಸ್ಟ್ ಮೊಬೈಲ್ ಫಿಲ್ಮ್, ಬೆಸ್ಟ್ ಪೋಸ್ಟರ್, ಆನರಬಲ್ ಮೆನ್ಷನ್. ಟ್ರೋಫಿ ಬೇಕಂದ್ರೆ ದುಡ್ಡು ಬೇರೆ. ಅದು ಪ್ರಶಸ್ತಿ ಅಲ್ಲ, ರಸೀದಿ.

3/5

"ಕಾಲೇಜ್ ಹುಡುಗರ ಕಿರುಚಿತ್ರಕ್ಕೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ" ಅಂತ ಹೋದ ಪೋಸ್ಟಿಗೆ ಒಬ್ರು ಕಮೆಂಟ್ ಹಾಕಿದ್ರು. ಅವರಿಗೆ ಒಂದು ಉದಾಹರಣೆ.

2024ರ ಕಾನ್ ಚಿತ್ರೋತ್ಸವದಲ್ಲಿ ಲಾ ಸಿನೆಫ್ ಅನ್ನೋ ವಿಭಾಗದ ಮೊದಲ ಬಹುಮಾನ ಒಂದು ಕನ್ನಡ ಕಿರುಚಿತ್ರಕ್ಕೆ ಬಂತು. 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ'. ನಿರ್ದೇಶಕ ಚಿದಾನಂದ ಎಸ್. ನಾಯ್ಕ, ಮೈಸೂರಲ್ಲಿ ಡಾಕ್ಟರ್ ಓದಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಊರಿನ ಕೋಳಿಯನ್ನ ಒಬ್ಬಳು ಅಜ್ಜಿ ಕದೀತಾಳೆ, ಸೂರ್ಯ ಹುಟ್ಟೋದೇ ನಿಲ್ಲುತ್ತೆ. ನಮ್ಮ ಅಜ್ಜಿಯಂದಿರು ಹೇಳ್ತಿದ್ದಂಥ ಕಥೆ. 16 ನಿಮಿಷ. ಶೂಟಿಂಗ್ ನಾಲ್ಕೇ ದಿನ. ಕೋರ್ಸ್ ಮುಗಿಸೋಕೆ ಮಾಡಿದ ಸಿನಿಮಾ.

ಆ ವರ್ಷ ಲಾ ಸಿನೆಫ್‌ಗೆ ಪ್ರಪಂಚದ ಸಿನಿಮಾ ಶಾಲೆಗಳಿಂದ ಬಂದಿದ್ದು 2,263 ಚಿತ್ರ. ಆಯ್ಕೆ ಆಗಿದ್ದು 18. ಬಹುಮಾನ 15,000 ಯೂರೋ. ಜ್ಯೂರಿಗೆ ಹೋಗೋ ಮೊದಲೇ ಜರಡಿ ಹಿಡಿಯೋಕೆ ಬೇರೆ ತಂಡ ಇತ್ತು. ಹಾಗಾಗಿ ಜ್ಯೂರಿಗೆ ಉಳಿದಿದ್ದು ಬರೀ 18, ಪರದೆ ಮೇಲೆ ಕೂತು ನೋಡೋಷ್ಟು.

ಈಗ ಅದೇ ಕೋಳಿ ಕಥೆ ನಮ್ಮ ಲ್ಯಾಪ್‌ಟಾಪ್ ಮುಂದೆ 31ನೇ ನಂಬರಾಗಿ ಬಂದಿತ್ತು ಅಂದ್ಕೊಳ್ಳಿ. ಕತ್ತಲೆ ದೃಶ್ಯ ಜಾಸ್ತಿ ಇದೆ, ಲ್ಯಾಪ್‌ಟಾಪ್‌ನಲ್ಲಿ ಏನೂ ಕಾಣ್ತಿಲ್ಲ, ಮುಂದಕ್ಕೆ ಓಡ್ಸಿ ಅಂತಿದ್ವಿ. ಖಂಡಿತ ಅಂತಿದ್ವಿ.

4/5

"ಅದು ಕಾನ್, ಇದು ಮಾಗಡಿ ರೋಡ್" ಅಂತೀರಾ? ಒಪ್ಪಿದೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ. ಹಾಗಾದ್ರೆ ಮಕ್ಕಳನ್ನೇ ನೋಡಿ ಕಲಿಯೋಣ. ಇಟಲಿಯ ಜಿಫೋನಿ ಅನ್ನೋ ಸಣ್ಣ ಊರಲ್ಲಿ 1971ರಿಂದ ಒಂದು ಚಿತ್ರೋತ್ಸವ ನಡೀತಿದೆ. ಅಲ್ಲಿ ಜ್ಯೂರಿನೇ ಹುಡುಗ ಹುಡುಗಿಯರು. ಸಿನಿಮಾ ಮುಗಿದ ತಕ್ಷಣ ನಿರ್ದೇಶಕರನ್ನ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳ್ತಾರೆ. ಬರ್ಲಿನ್ ಚಿತ್ರೋತ್ಸವದ ಜನರೇಷನ್ ವಿಭಾಗದಲ್ಲೂ ಮಕ್ಕಳ ಜ್ಯೂರಿ, ಹದಿಹರೆಯದವರ ಜ್ಯೂರಿ ಇದೆ. ಕ್ರಿಸ್ಟಲ್ ಬೇರ್ ಯಾರಿಗೆ ಅಂತ ಅವರೇ ತೀರ್ಮಾನ ಮಾಡಿ, ಯಾಕೆ ಕೊಟ್ವಿ ಅಂತ ನಾಲ್ಕು ಸಾಲು ಬರೆದು ಓದ್ತಾರೆ. ಹನ್ನೊಂದು ಹನ್ನೆರಡು ವರ್ಷದ ಮಕ್ಕಳು ಮಾಡೋ ಕೆಲಸ ಸ್ವಾಮಿ ಇದು! ನಮ್ಮಲ್ಲಿ ಶಾಲು ಹೊದ್ದ ದೊಡ್ಡವರಿಗೆ ಆಗ್ತಿಲ್ಲ.

ನಮ್ಮ ದೇಶದಲ್ಲೂ ಪದ್ಧತಿ ಇಲ್ಲ ಅಂತಲ್ಲ. ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಪ್ರತಿ ಪ್ರಶಸ್ತಿಗೂ ಒಂದು ಸಾಲಿನ ಕಾರಣ ಕೊಡ್ತಾರೆ. ಅದರ ಬಗ್ಗೆ ಜನ ಜಗಳ ಆಡ್ತಾರೆ, ಆಡ್ಲಿ. ಜಗಳ ಆಡೋಕಾದ್ರೂ ಒಂದು ವಾಕ್ಯ ಕೈಯಲ್ಲಿರುತ್ತೆ.

ನಮ್ಮ ರಾಜ್ಯದ ಕಥೆ ಇನ್ನೊಂದು ಥರ. 2019ರ ಸಿನಿಮಾಗಳಿಗೆ ರಾಜ್ಯ ಪ್ರಶಸ್ತಿ ಘೋಷಣೆ ಆಗಿದ್ದು 2025ರ ಜನವರಿಯಲ್ಲಿ. ಎಲ್ರೂ ಸುದೀಪ್ ಪ್ರಶಸ್ತಿ ಬೇಡ ಅಂದಿದ್ದನ್ನೇ ಮಾತಾಡಿದ್ರು. ನನಗೆ ಕಾಡಿದ್ದು ಮೊದಲ ಸಿನಿಮಾ ಮಾಡಿದವರು. ಅವರು ಮುಂದಿನ ನಿರ್ಮಾಪಕನ ಬಾಗಿಲು ತಟ್ಟಬೇಕಾದ ಐದು ವರ್ಷ ಕಳೆದ ಮೇಲೆ ಮನೆಗೆ ಫಲಕ ಬಂದ್ರೆ ಅದನ್ನ ಏನ್ ಮಾಡೋದು?

5/5

ಇಷ್ಟೆಲ್ಲ ಯಾಕೆ ಪಶ್ಚಿಮ ಬೆಂಗಳೂರಿನ ಸಣ್ಣ ಉತ್ಸವಗಳ ಮೇಲೆ ಹಾಕ್ತಿದ್ದೀನಿ ಅಂದ್ರೆ, ನಮ್ಮ ಹುಡುಗರಿಗೆ ಬೇರೆ ಬಾಗಿಲು ಕಮ್ಮಿ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ವರ್ಷಗಟ್ಟಲೆ ನಡೆದಿದ್ದು ನಮ್ಮ ರಾಜಾಜಿನಗರದ ಒರಾಯನ್ ಮಾಲಲ್ಲೇ. ಕೆಂಗೇರಿಯಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್‌ನಲ್ಲಿ ಇಳಿದ್ರೆ ಆಗ್ತಿತ್ತು. 2025ರಲ್ಲಿ ಸ್ಟೂಡೆಂಟ್ ಪಾಸ್ 400 ರೂಪಾಯಿ ಇತ್ತು. ನೋಡೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ನಾನು ಏನಾದ್ರೂ ಕಲಿತಿದ್ರೆ ಆ ಕ್ಯೂನಲ್ಲಿ ನಿಂತೇ. ಆದ್ರೆ ಅಲ್ಲಿನ ಸ್ಪರ್ಧೆ ಇರೋದು ಏಷ್ಯಾ, ಭಾರತ, ಕನ್ನಡ ಅಂತ ಪೂರ್ಣಾವಧಿ ಚಿತ್ರಗಳಿಗೆ. ಫೋನಲ್ಲಿ ಎಂಟು ನಿಮಿಷದ ಸಿನಿಮಾ ತೆಗೆದ ಬಸವೇಶ್ವರನಗರದ ಹುಡುಗಿ ಮೊದಲು ಬರೋದು ನಮ್ಮ ಹತ್ರಾನೇ. ಅವಳ ಕೆಲಸವನ್ನ ಮನೆಯವರಲ್ಲದ ಒಬ್ಬರು ಮೊದಲ ಸಲ ಪೂರ್ತಿ ನೋಡೋದು ನಮ್ಮ ಕುರ್ಚಿಯಿಂದ. ನೋಡ್ಬೇಕಾಗಿದ್ದು, ಅಂತ ಹೇಳ್ಬೇಕೇನೋ.

ಅದಕ್ಕೆ ಆಯೋಜಕರಿಗೆ ನೇರವಾಗಿ ಹೇಳ್ತೀನಿ. ಬಹುಮಾನ 20 ಇದ್ರೆ 4ಕ್ಕೆ ಇಳಿಸಿ, ಉಳಿದ ಶೀಲ್ಡ್ ದುಡ್ಡಲ್ಲಿ ಜ್ಯೂರಿಗೆ ಎರಡು ದಿನ ಕೊಡಿ. ಜ್ಯೂರಿ ಹೆಸರು ಎಂಟ್ರಿ ತಗೊಳ್ಳೋ ಮೊದಲೇ ಹಾಕಿ. ಗೆದ್ದ ಸಿನಿಮಾನ ವೇದಿಕೆ ಮೇಲೆ ತೋರ್ಸಿ. ಚೀಫ್ ಗೆಸ್ಟ್ ಭಾಷಣ ಹತ್ತು ನಿಮಿಷ ಕಮ್ಮಿ ಆದ್ರೆ ಯಾರೂ ಅಳಲ್ಲ. ಸೋತವರಿಗೂ ಎರಡು ಸಾಲು ಬರೆದು ಕಳಿಸಿ. "ಮಕ್ಕಳಿಗೆ ಬೇಜಾರಾಗುತ್ತೆ" ಅನ್ನೋ ನೆಪ ಬೇಡ. ಸಿನಿಮಾ ಮಾಡೋಕೆ ಅಂತ ರಾತ್ರಿಪೂರ್ತಿ ನಿದ್ದೆ ಕೆಟ್ಟವರಿಗೆ "ನಿನ್ನ ಸೌಂಡ್ ಸರಿ ಇಲ್ಲ" ಅನ್ನೋ ಮಾತು ತಡ್ಕೊಳ್ಳೋ ಶಕ್ತಿ ಇರುತ್ತೆ.

ಹುಡುಗರೇ, ನೀವೂ ಅಷ್ಟೇ. ಫೀಸ್ ಕಟ್ಟೋ ಮೊದಲು ಜ್ಯೂರಿ ಯಾರು, ಸಿನಿಮಾ ಪರದೆ ಮೇಲೆ ಹಾಕ್ತೀರಾ, ಕಾರಣ ಬರೆದು ಕೊಡ್ತೀರಾ ಅಂತ ಒಂದು ಮೆಸೇಜ್ ಹಾಕಿ. ಉತ್ತರ ಬರ್ಲಿಲ್ಲ ಅಂದ್ರೆ ಆ ದುಡ್ಡಲ್ಲಿ ಒಂದು ದಿನ ಲೈಟ್ ಬಾಡಿಗೆ ತಗೊಳ್ಳಿ.

ಈ ವರ್ಷ ಮತ್ತೊಂದು ಕಡೆಯಿಂದ ಜ್ಯೂರಿಗೆ ಕರೆದಿದ್ದಾರೆ. ಇದೇ ಷರತ್ತುಗಳನ್ನ ಬರೆದು ಕಳಿಸಿ ನಾಲ್ಕು ದಿನ ಆಯ್ತು. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಕೆಂಗೇರಿ ಹುಡುಗ, ಇದು ನಿನ್ನ ಕಣ್ಣಿಗೆ ಬಿದ್ರೆ ಆ ಸಿನಿಮಾ ಲಿಂಕ್ ಡಿಎಂ ಮಾಡಪ್ಪ.

#ಕಿರುಚಿತ್ರ #ಜ್ಯೂರಿ #ಕನ್ನಡಸಿನಿಮಾ #ವಿಜಯನಗರ #ರಾಜಾಜಿನಗರ #ಕೆಂಗೇರಿ