ಗಿಡವನರಿಯದ ವೈದ್ಯವಿದ್ಯೆ



ರೋಗ-ಔಷಧಗಳ ಪರಿಭಾಷೆಯಲ್ಲೇ ವಚನ ರಚಿಸಿದ ವೈದ್ಯ ಸಂಗಣ್ಣನವರಿಗೆ ವೈದ್ಯವು ಕಾಯಕವಾಗಿತ್ತು. ಇಂದು ಆ ವಿದ್ಯೆಗೆ ಬಿ.ಎ.ಎಂ.ಎಸ್. ಎಂಬ ಪದವಿಯಿದೆ: ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಕಡ್ಡಾಯ ತರಬೇತಿ. ದ್ರವ್ಯಗುಣವೆಂಬ ವಿಷಯವೂ ಉಂಟು, ಕಾಲೇಜಿಗೊಂದು ಮೂಲಿಕಾವನವಿರಬೇಕೆಂಬ ನಿಯಮವೂ ಉಂಟು. 1970ರ ಕಾಯಿದೆ ಹೋಗಿ 2020ರದು ಬಂದಿತು. ಆದರೆ ನಾಮಫಲಕ ಓದಿ ಹೆಸರು ಹೇಳುವುದನ್ನು ಗಿಡದ ಅರಿವೆನ್ನಲಾದೀತೆ?

ಅಶೋಕವನ್ನೇ ನೋಡಿ. ಸ್ತ್ರೀಯರ ಅತಿಸ್ರಾವಕ್ಕೆ ಹೇಳಿದ ಅಶೋಕಾರಿಷ್ಟಕ್ಕೆ ಬೇಕಾದುದು ಕೆಂಪು-ಕಿತ್ತಳೆ ಹೂಗೊಂಚಲಿನ ಮರದ ತೊಗಟೆ. ಆ ಹೆಸರಿನಲ್ಲಿ ಪೇಟೆಗೆ ಬರುವ ಸರಕಿನಲ್ಲಿ, ಕಾಂಪೌಂಡುಗಳ ಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ, ಹಸಿರು ಹೂವಿನ ಬೇರೆಯೇ ಮರದ ತೊಗಟೆಯೂ ಬೆರೆತಿರುವುದು ಬಲ್ಲವರಿಗೆ ಹೊಸತಲ್ಲ. ಒಣಚೂರು ಕೈಗೆ ಬಂದಾಗ ಪದವೀಧರನೇ ಅದನ್ನು ಗುರುತಿಸದಿದ್ದರೆ, ರಕ್ತಹೀನಳಾಗಿ ಬಂದ ತಾಯಿಯ ಗತಿಯೇನು?

ಆಡು, ಕುರಿ, ದನ ಕಾಯುವವರೂ ವನವಾಸಿಗಳೂ ಮೂಲಿಕೆಗಳ ನಾಮರೂಪಗಳನ್ನು ಬಲ್ಲರೆಂದು ಚರಕಸಂಹಿತೆಯ ಸೂತ್ರಸ್ಥಾನದ ಮೊದಲ ಅಧ್ಯಾಯವೇ ಒಪ್ಪುತ್ತದೆ. ಅಷ್ಟೇ ಸಾಲದು, ಪ್ರಯೋಗಜ್ಞಾನವೂ ಬೇಕೆನ್ನುತ್ತದೆ. ಎರಡನೆಯ ಮಾತನ್ನು ಹಿಡಿದು ನಾಟಿ ವೈದ್ಯರನ್ನು ಹೀಗಳೆವ ಪದವೀಧರರು ಮೊದಲನೆಯದನ್ನು ಮರೆತಿದ್ದಾರೆ. (ವಂಶಪರಂಪರೆಯನ್ನೇ ಪ್ರಮಾಣಪತ್ರ ಮಾಡಿಕೊಂಡವರೂ ಆ ಎರಡನೆಯ ಮಾತನ್ನೊಮ್ಮೆ ಓದಲಿ.)

ಕುರಿ ಕಾಯುವವನ ಹಿಂದೆ ಒಂದು ತಿಂಗಳು ಗುಡ್ಡ ಸುತ್ತದೆ ಯಾರಿಗೂ ದ್ರವ್ಯಗುಣದಲ್ಲಿ ಉತ್ತೀರ್ಣತೆ ಕೊಡಬಾರದು. ಮಕ್ಕಳನ್ನು ಈ ಪದವಿಗೆ ಸೇರಿಸುವ ಸದ್ಭಕ್ತರು ಶುಲ್ಕ ಕೇಳುವ ಮುನ್ನ, ನಿಮ್ಮ ವನದ ಅಶೋಕ ಯಾವ ತಿಂಗಳಲ್ಲಿ ಹೂಬಿಟ್ಟಿತೆಂದು ಅಧ್ಯಾಪಕರನ್ನು ಕೇಳಿರಿ.