ಸ್ಲ್ಯಾಬ್ ಹಾಕೋ ದಿನ ಹೋಳಿಗೆ ಊಟ ಹಾಕಿದ್ರೆ ಸಾಕೇ?

ಹಾವೇರಿಯ ಬಸವೇಶ್ವರ ನಗರ, ವಿದ್ಯಾನಗರದ ಕಡೆ ಒಂದು ಸುತ್ತು ಹೋಗಿ ಬನ್ನಿ. ಓಣಿಗೊಂದಾದರೂ ಹೊಸ ಮನೆ ಏಳುತ್ತಿರುತ್ತದೆ. ರಾಣೆಬೆನ್ನೂರಿನ ಮೇಡ್ಲೇರಿ ರಸ್ತೆಯ ಅಕ್ಕಪಕ್ಕದಲ್ಲೂ, ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ದಾರಿಯಲ್ಲೂ ಇದೇ ನೋಟ. ಮೆಣಸಿನಕಾಯಿಗೆ ಒಳ್ಳೆ ರೇಟು ಬಂದ ವರ್ಷ ಮೇಲೊಂದು ಮಹಡಿ, ಮಗನ ಮದುವೆ ಗೊತ್ತಾದರೆ ಹಿಂದುಗಡೆ ಎರಡು ರೂಮು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಕೆಲಸ ನಡೀತಾ ಇರಬಹುದು, ಇಲ್ಲವೇ ಬರೋ ಯುಗಾದಿಗೆ ಶುರುವಾಗಬಹುದು.

ಮನೆ ಕಟ್ಟುವಾಗ ನಿಮ್ಮ ಮಾತು ಎಲ್ಲೆಲ್ಲಿ ನಡೆಯುತ್ತದೆ, ಯೋಚಿಸಿ ನೋಡಿ. ಅಡುಗೆ ಕಟ್ಟೆಯ ಗ್ರಾನೈಟ್ ಬಣ್ಣ ನಿಮ್ಮದು. ದೇವರ ಮನೆ ಈಶಾನ್ಯಕ್ಕೆ ಬರಲೇಬೇಕೆಂದು ಹಟ ಹಿಡಿದವರು ನೀವು. ಒಂದು ಟೈಲ್ಸ್ ಸೊಟ್ಟಗಾದರೂ ಮೇಸ್ತ್ರಿಯನ್ನು ಕರೆದು ಕೀಳಿಸಿಬಿಡ್ತೀರಿ. ಆದರೆ ಎರಡನೇ ಮಹಡಿಯ ಅಂಚಿನಲ್ಲಿ ಒಂದೇ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು ಗೋಡೆಗೆ ಗಿಲಾವು ಮಾಡುತ್ತಿರುವ ಹುಡುಗನನ್ನು ನೋಡಿ "ಅಯ್ಯೋ, ಬಿದ್ದಗಿದ್ದಾನು" ಅಂತ ಒಮ್ಮೆ ಅಂದುಕೊಂಡು ಒಳಗೆ ಹೋಗ್ತೀರಿ. ಅದು ಗುತ್ತಿಗೆದಾರರ ವಿಷಯ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೇವೆ.

ಆ ತೀರ್ಮಾನ ಸರಿಯಲ್ಲ. ಯಜಮಾನರು ಹತ್ತು ಗಂಟೆಗೆ ಆಫೀಸಿಗೋ ಅಂಗಡಿಗೋ ಹೊರಟರೆ ಬರೋದು ಸಂಜೆಗೆ. ಎಂಜಿನಿಯರ್ ಸಾಹೇಬರು ಬರೋದು ವಾರಕ್ಕೊಮ್ಮೆ. ಗುತ್ತಿಗೆದಾರನಿಗೆ ಊರಲ್ಲಿ ಇನ್ನೂ ನಾಲ್ಕು ಕೆಲಸ ಇರುತ್ತವೆ. ಬೆಳಗಿನಿಂದ ಸಂಜೆವರೆಗೆ ಎಲ್ಲವನ್ನೂ ಕಣ್ಣಾರೆ ನೋಡುವವರು, ಹನ್ನೊಂದು ಗಂಟೆಗೆ ಚಹಾ ಕಳಿಸುವವರು ನೀವೇ. ದುಡ್ಡು ಕೊಡೋ ಮನೆಯವರ ಮಾತನ್ನು ಮೇಸ್ತ್ರಿ ಕೇಳದೆ ಇರಲಾರ.

ಧಾರವಾಡದ ಕುಮಾರೇಶ್ವರ ನಗರ ನಿಮಗೆ ನೆನಪಿರಬೇಕು. 2019ರ ಮಾರ್ಚ್ 19ರಂದು ಅಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಹಗಲು ಹೊತ್ತಿನಲ್ಲೇ ಕುಸಿದು 19 ಜನ ಸತ್ತರು. 1997ರವರೆಗೆ ನಮ್ಮ ಹಾವೇರಿಯೂ ಧಾರವಾಡ ಜಿಲ್ಲೆಯೇ ಆಗಿತ್ತಲ್ಲ, ಆ ಸುದ್ದಿ ಬಂದಾಗ ನಮ್ಮ ಮಂದಿಯೂ ಬಂಧು ಬಳಗಕ್ಕೆ ಫೋನ್ ಹಚ್ಚಿದ್ದರು. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ಮಳೆ ನಡುವೆ ಕಟ್ಟಡ ಬಿದ್ದು 9 ಕಾರ್ಮಿಕರು ಹೋದರು. ಹಿರಿಯರಿಗೆ 1983ರ ಗಂಗಾರಾಂ ಕಟ್ಟಡ ದುರಂತವೂ ನೆನಪಿರುತ್ತದೆ. ಆಗ ಸತ್ತವರು ನೂರಕ್ಕೂ ಹೆಚ್ಚು.

ಅವೆಲ್ಲ ದೊಡ್ಡ ಕಟ್ಟಡ, ನಮ್ಮದು ಮೂವತ್ತು-ನಲವತ್ತರ ಸೈಟು ಅಂತೀರಾ? ಒಬ್ಬನೇ ಬಿದ್ದು ಸತ್ತರೆ ಅದು ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ, ಅಷ್ಟೇ ವ್ಯತ್ಯಾಸ. ಕಾನೂನು ಕೂಡ ಸಣ್ಣ ಮನೆಗಳನ್ನು ದೂರವೇ ಇಟ್ಟಿದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ, 10 ಲಕ್ಷ ರೂಪಾಯಿ ಒಳಗಿನ ಸ್ವಂತ ವಾಸದ ಮನೆಯನ್ನು ತನ್ನ ಲೆಕ್ಕದಿಂದ ಬಿಟ್ಟಿತ್ತು. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಆ ಕಾಯ್ದೆಯ ಜಾಗಕ್ಕೆ ಬಂದವು. ಅವೂ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟಿವೆ. ಅಂದರೆ ನಿಮ್ಮ ಓಣಿಯ ಕೆಲಸಕ್ಕೆ ಇನ್‌ಸ್ಪೆಕ್ಟರ್ ಬಂದು ಹೆಲ್ಮೆಟ್ ಎಲ್ಲಿ ಅಂತ ಕೇಳೋದು ಕನಸಿನ ಮಾತು. ಕೇಳುವುದಾದರೆ ನೀವೇ ಕೇಳಬೇಕು. ಹಾಗಂತ ಜೀವ ಹೋದರೆ ಪೊಲೀಸರು ಬರೋದಿಲ್ಲ ಅಂದುಕೊಳ್ಳಬೇಡಿ. ನಿರ್ಲಕ್ಷ್ಯದ ಕೇಸಿನಲ್ಲಿ ಗುತ್ತಿಗೆದಾರನ ಜೊತೆ ಮನೆ ಮಾಲೀಕರ ಹೆಸರೂ ಸೇರಬಹುದು.

ಈಗ ಸ್ಲ್ಯಾಬ್ ವಿಷಯಕ್ಕೆ ಬರೋಣ. ಸ್ಲ್ಯಾಬ್ ಹಾಕುವ ದಿನ ಅಂದ್ರೆ ನಮ್ಮ ಕಡೆ ಅರ್ಧ ಹಬ್ಬ. ತೆಂಗಿನಕಾಯಿ ಒಡೆದು, ಇಪ್ಪತ್ತು-ಇಪ್ಪತ್ತೈದು ಮಂದಿಗೆ ಹೋಳಿಗೆ ಊಟ ಹಾಕಿ ಕಳಿಸೋದು ಒಳ್ಳೆಯ ಪದ್ಧತಿ. ಇಡೀ ಕೆಲಸದಲ್ಲಿ ಹೆಚ್ಚು ಅಪಾಯದ ದಿನಗಳಲ್ಲಿ ಒಂದು ಕೂಡ ಅದೇ. ಹಸಿ ಕಾಂಕ್ರೀಟು, ಅದರ ಮೇಲೆ ಓಡಾಡುವ ಜನ, ವೈಬ್ರೇಟರ್ ಮಷಿನ್ನು ಎಲ್ಲದರ ಭಾರ ಕೆಳಗಿನ ಸೆಂಟ್ರಿಂಗ್ ಕಂಬಗಳ ಮೇಲೆ. ಹಿಂದಿನ ದಿನ ಸಂಜೆ ನೀವೇ ಒಮ್ಮೆ ಕೆಳಗೆ ಹೋಗಿ ನೋಡಿ. ಕಂಬ ಸೆಟೆದು ನೇರ ನಿಂತಿದೆಯೇ? ಬುಡಕ್ಕೆ ಗಟ್ಟಿ ಹಲಗೆ ಕೊಟ್ಟಿದ್ದಾರೋ, ಎರಡು ಇಟ್ಟಿಗೆ ತುಂಡು ಇಟ್ಟು ಕೈ ತೊಳಕೊಂಡಿದ್ದಾರೋ? ಎರೆ ಮಣ್ಣಿನ ಜಾಗವಾದರೆ ರಾತ್ರಿ ಒಂದು ಮಳೆ ಬಂದರೂ ಬುಡ ಕುಸಿಯುತ್ತದೆ. ಕಂಬ ಕಂಬಕ್ಕೆ ಅಡ್ಡ ಬಿಗಿತ ಇದೆಯೇ? ಅನುಮಾನ ಬಂದರೆ ಎಂಜಿನಿಯರ್ ಬಂದು ನೋಡುವ ತನಕ ಕಾಂಕ್ರೀಟ್ ಬೇಡ ಅಂತ ಹೇಳಿ. ಮುಹೂರ್ತ ಮೀರುತ್ತೆ ಅನ್ನೋರಿಗೆ ಇನ್ನೊಂದು ಮುಹೂರ್ತ ಸಿಗುತ್ತದೆ ಅನ್ನಿ. ಕಾಂಕ್ರೀಟ್ ಹಾಕುವಾಗ ಸ್ಲ್ಯಾಬಿನ ಕೆಳಗೆ ಯಾರೂ ಕೂತಿರಬಾರದು, ನೆರಳಿದೆ ಅಂತ ಮಕ್ಕಳನ್ನು ಮಲಗಿಸಲೇಬಾರದು.

ಇನ್ನು ಸೆಂಟ್ರಿಂಗ್ ಬಿಚ್ಚುವ ಅವಸರ. ಬಾಡಿಗೆ ಸಾಮಾನು ಬೇಗ ವಾಪಸ್ ಕೊಟ್ಟರೆ ಗುತ್ತಿಗೆದಾರನಿಗೆ ಉಳಿತಾಯ, ಹಾಗಾಗಿ ನಾಲ್ಕೇ ದಿನಕ್ಕೆ ಬಿಚ್ಚಲು ಬರ್ತಾರೆ. ಐಎಸ್ 456 ಅನ್ನುವ ಭಾರತೀಯ ಮಾನದಂಡದ ಪ್ರಕಾರ ನಾಲ್ಕೂವರೆ ಮೀಟರ್ ಒಳಗಿನ ಅಗಲದ ಸ್ಲ್ಯಾಬಿನ ಕಂಬಗಳು ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ಇರಬೇಕು. ಬೀಮಿನ ಕೆಳಗಾದರೆ 14 ದಿನ, ಆರು ಮೀಟರಿಗಿಂತ ಉದ್ದ ಇದ್ದರೆ 21. ಇದೂ ಸಾದಾ ಓಪಿಸಿ ಸಿಮೆಂಟಿನ ಲೆಕ್ಕ. ಪಿಪಿಸಿ ನಿಧಾನವಾಗಿ ಬಿಗಿಯುತ್ತದೆ, ಅದಕ್ಕೆ ಇನ್ನೂ ಕೆಲವು ದಿನ ಸೇರಿಸಿ. ಚೀಲದ ಮೇಲೆ ಯಾವುದು ಅಂತ ಬರೆದಿರುತ್ತದೆ, ಓದಿಕೊಳ್ಳಿ. ಸ್ಲ್ಯಾಬ್ ಹಾಕಿದ ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗ್ಯಾಸ್ ಸಿಲಿಂಡರ್ ತಾರೀಖಿನ ಪಕ್ಕ ಗುರುತು ಹಾಕಿಬಿಡಿ.

ಹೆಲ್ಮೆಟ್ ಹಾಕಿಕೊಳ್ಳಿ ಅಂದ್ರೆ "ಸೆಕೆ ಆಗ್ತದ್ರೀ ಅಕ್ಕಾರ" ಅನ್ನೋದು ಸಿದ್ಧ ಉತ್ತರ. ಗಂಡಸರ ವಿಷಯದಲ್ಲಿ ಅದನ್ನು ಒಪ್ಪಬೇಡಿ. ಆದರೆ ಹೆಣ್ಣಾಳುಗಳ ಕಷ್ಟ ಬೇರೆ. ತಲೆ ಮೇಲೆ ಸಿಂಬಿ ಇಟ್ಟು ಉಸುಕಿನ ಬುಟ್ಟಿ ಹೊರುವವಳಿಗೆ ಹೆಲ್ಮೆಟ್ ಎಲ್ಲಿಡಬೇಕು? ಇದನ್ನು ಯಾವ ಪೋಸ್ಟರಿನಲ್ಲೂ ಬರೆದಿರೋದಿಲ್ಲ. ಪರಿಹಾರ ಅಂದ್ರೆ ಮೇಲಕ್ಕೆ ಹೋಗುವ ಸಾಮಾನಿಗೆ ರಾಟೆಯನ್ನೋ ಬಾಡಿಗೆ ಲಿಫ್ಟ್ ಮಷಿನ್ನನ್ನೋ ಕೇಳೋದು, ಬುಟ್ಟಿ ಹೊರುವ ದಾರಿಯ ನೆತ್ತಿ ಮೇಲೆ ಬೇರೆ ಕೆಲಸ ನಡೆಯದ ಹಾಗೆ ನೋಡಿಕೊಳ್ಳೋದು, ಹೊಸ ಮೆಟ್ಟಿಲಿಗೆ ಕಟಾಂಜನ ಬರುವವರೆಗೆ ಒಂದು ಬಿದಿರನ್ನಾದರೂ ಬಿಗಿಸೋದು. ಅಂಚಿನಲ್ಲಿ ನಿಂತು ಕೆಲಸ ಮಾಡೋರಿಗೆ ಬೆಲ್ಟು ಬೇಕೇ ಬೇಕು, ಅದರ ಹಗ್ಗವನ್ನು ಸಾರವೆಗಲ್ಲ, ಗಟ್ಟಿ ಕಂಬಕ್ಕೇ ಕಟ್ಟಿರಬೇಕು. ಇದೆಲ್ಲ ಭಾರಿ ಖರ್ಚು ಅಂತೇನೂ ಹೆದರಬೇಡಿ. ಹಾಲಿನ ಫಾಲ್ಸ್ ಸೀಲಿಂಗಿಗೆ ನೀವು ಇಟ್ಟಿರುವ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಆ ಹೆಣ್ಣುಮಕ್ಕಳು ಬಹಿರ್ದೆಸೆಗೆ ಎಲ್ಲಿಗೆ ಹೋಗ್ತಾರೆ ಅಂತ ಎಂದಾದರೂ ಕೇಳಿದ್ದೀರಾ? ನೀರು ಕುಡಿದರೆ ಹೋಗಬೇಕಾಗುತ್ತಲ್ಲ ಅಂತ ಮಧ್ಯಾಹ್ನದವರೆಗೆ ನೀರೇ ಕುಡಿಯದವರಿದ್ದಾರೆ. ಏಪ್ರಿಲ್ ಬಿಸಿಲಲ್ಲಿ ಹೀಗಿದ್ದರೆ ತಲೆ ತಿರುಗಿ ಬೀಳದೆ ಇನ್ನೇನಾದೀತು? ಕೆಲಸ ಶುರುವಾಗುವ ಮೊದಲು ಮೂಲೆಯಲ್ಲೊಂದು ತಾತ್ಕಾಲಿಕ ಶೌಚಾಲಯ ಮಾಡಿಸಿ, ಇಲ್ಲವೇ ನಿಮ್ಮ ಹಿತ್ತಲಿನದನ್ನು ಬಿಟ್ಟುಕೊಡಿ. ಮಡಿ ಮೈಲಿಗೆ ಲೆಕ್ಕ ಇಲ್ಲಿ ಬೇಡ.

ಸಂಪಿನ ಬಗ್ಗೆ ಮಾತ್ರ ಎಷ್ಟು ಹೇಳಿದರೂ ಕಡಿಮೆಯೇ. 1996ರ ಕಾಯ್ದೆಯಲ್ಲಿ ಐವತ್ತಕ್ಕಿಂತ ಹೆಚ್ಚು ಮಹಿಳೆಯರಿರುವ ಕಡೆ ಮಕ್ಕಳಿಗೆ ಶಿಶುವಿಹಾರ ಮಾಡಬೇಕೆಂದಿತ್ತು. ನಿಮ್ಮಲ್ಲಿ ಇರೋದು ಇಬ್ಬರೋ ಮೂವರೋ, ಹಾಗಾಗಿ ಅವರ ಕೂಸುಗಳು ಉಸುಕಿನ ಗುಡ್ಡೆ ಮೇಲೆ, ತೆರೆದ ಸಂಪಿನ ಪಕ್ಕದಲ್ಲೇ ಆಡ್ತಿರುತ್ತವೆ. ಮುಚ್ಚಳ ಮೊದಲ ದಿನದಿಂದಲೇ ಇರಲಿ, ಮಗು ಎತ್ತಲಾರದಷ್ಟು ಭಾರ ಇರಲಿ. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಸಂಪಿನ ಒಳಗಿನ ಸೆಂಟ್ರಿಂಗ್ ಹಲಗೆಗಳು ನೀರಲ್ಲಿ ನೆನೆದು ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನೇ ತಿಂದುಬಿಡುತ್ತವೆ. ವಾರಗಟ್ಟಲೆ ಮುಚ್ಚಿದ್ದ ಸಂಪಿಗೆ ಹಲಗೆ ಬಿಚ್ಚಲು ಇಳಿದವನು ಕೂಗುವ ಮೊದಲೇ ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಎರಡು ದಿನ ಮುಚ್ಚಳ ತೆಗೆದಿಟ್ಟು, ಫ್ಯಾನು ಹಚ್ಚಿ ಗಾಳಿ ಆಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿದ್ದರೆ ಮಾತ್ರ ಇಳಿಯಲಿ. ಒಬ್ಬ ಬಿದ್ದರೆ ಇನ್ನೊಬ್ಬರು ಹಾರಬಾರದು. ಹಗ್ಗದಿಂದ ಎಳೆಯಿರಿ, ಅಗ್ನಿಶಾಮಕದವರಿಗೂ 108ಕ್ಕೂ ಫೋನ್ ಮಾಡಿ.

ಮಿಕ್ಸರ್, ಕಟರ್ ವೈರುಗಳನ್ನು ಬರಿ ತಂತಿಯಾಗಿ ಪ್ಲಗ್ಗಿಗೆ ತುರುಕಿ ಬೆಂಕಿಕಡ್ಡಿ ಸಿಗಿಸುವ ಚಟ ನಿಲ್ಲಿಸಿ, 30 ಮಿಲಿ ಆಂಪ್‌ನ ಇಎಲ್‌ಸಿಬಿ ಹಾಕಿಸಿ. ಮನೆ ಮುಂದೆ ಹೆಸ್ಕಾಂ ಲೈನು ಹತ್ತಿರದಲ್ಲಿದ್ದರೆ ಕಬ್ಬಿಣದ ಸರಳು ಮೇಲೇರಿಸುವ ಮೊದಲೇ ಅವರಿಗೆ ಅರ್ಜಿ ಕೊಡಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ನೀರು ಹಾಕಿ ತೊಳೆದು ದವಾಖಾನೆಗೆ ಕಳಿಸಿ.

ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿರುವ, 18ರಿಂದ 60 ವರ್ಷದ ಒಳಗಿನ ಕಟ್ಟಡ ಕಾರ್ಮಿಕರು ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಪಘಾತವಾದರೆ ನೆರವು ಸಿಗೋದು ಆ ಕಾರ್ಡಿನಿಂದ. ನಿಮ್ಮಲ್ಲಿ ಬರುವವರ ಹತ್ತಿರ ಕಾರ್ಡ್ ಇದೆಯೇ ಕೇಳಿ, ಇಲ್ಲದಿದ್ದರೆ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿಬರಲು ಅರ್ಧ ದಿನ ರಜೆ ಕೊಡಿಸಿ, ಅವತ್ತಿನ ಕೂಲಿ ಕತ್ತರಿಸಬೇಡಿ.

ಕೊನೆಗೊಂದು ಮಾತು, ಚದರಡಿ ರೇಟಿನ ಚೌಕಾಸಿ ಬಗ್ಗೆ. ನೀವು ಐವತ್ತು ರೂಪಾಯಿ ಇಳಿಸಿದರೆ ಗುತ್ತಿಗೆದಾರ ಸಿಮೆಂಟಿಗಿಂತ ಮೊದಲು ಕೈ ಇಡೋದು ಬೆಲ್ಟು, ಬಲೆ, ಗಟ್ಟಿ ಸಾರವೆಗೇ. ಅದಕ್ಕೇ ಅವನ್ನೆಲ್ಲ ಕರಾರು ಪತ್ರದಲ್ಲಿ ಬೇರೆಯಾಗಿಯೇ ಬರೆಸಿ: ಎಷ್ಟು ಹೆಲ್ಮೆಟ್, ಎಷ್ಟು ಬೆಲ್ಟು, ಸೆಂಟ್ರಿಂಗ್ ಎಷ್ಟು ದಿನ, ಕಾರ್ಮಿಕರ ವಿಮೆ ಯಾರ ಹೊಣೆ. ಮುಂಗಡ ಎಣಿಸುವ ಮೊದಲು ಹಾಳೆಯನ್ನು ನೀವೂ ಒಮ್ಮೆ ಓದಿ. ಈ ಸಾಲುಗಳಿಲ್ಲದಿದ್ದರೆ ಪೆನ್ನು ತಗೊಂಡು ನೀವೇ ಸೇರಿಸಿ, ಆಮೇಲೆ ಸಹಿಗೆ ಕೊಡಿ.