ಮಗುವಿನ ಶೌಚಾಭ್ಯಾಸ: ಅವಸರವೂ ಬೇಡ, ಅಸಡ್ಡೆಯೂ ಬೇಡ

ಕೆಲವು ವರ್ಷಗಳ ಹಿಂದಿನ ಮಾತು. ಮದ್ರಸದ ಒಂದನೆಯ ತರಗತಿಯಲ್ಲಿ ಪಾಠ ನಡೆಯುತ್ತಿದ್ದಾಗ ಐದು ವರ್ಷದ ಬಾಲಕನೊಬ್ಬನು ಕುಳಿತಲ್ಲಿಯೇ ಮೂತ್ರ ಮಾಡಿಕೊಂಡನು. ಚಾಪೆ ಒದ್ದೆಯಾಯಿತು. ಪಕ್ಕದ ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕರು. ಆ ವಾರದಲ್ಲಿ ಅದು ಮೂರನೆಯ ಬಾರಿಯಾಗಿತ್ತು. ಮಗನನ್ನು ಕರೆದೊಯ್ಯಲು ಬಂದ ತಂದೆಯನ್ನು ಇತರ ಪೋಷಕರ ಎದುರಿನಲ್ಲಿಯೇ ನಾವು ಕೇಳಿಬಿಟ್ಟೆವು: "ಇಷ್ಟು ದೊಡ್ಡವನಾದರೂ ಇವನಿಗೆ ಇನ್ನೂ ಅಭ್ಯಾಸ ಮಾಡಿಸಿಲ್ಲವೇ?" ಅವರು ಉತ್ತರ ಕೊಡಲಿಲ್ಲ. ಮಗನ ಕೈ ಹಿಡಿದು ತಲೆ ತಗ್ಗಿಸಿಕೊಂಡು ಹೊರಟುಹೋದರು.

ಎರಡು ದಿನಗಳ ನಂತರ ಬಾಲಕನ ತಾಯಿ ಫೋನ್ ಮಾಡಿದರು. "ಉಸ್ತಾದ್, ಅಭ್ಯಾಸ ಮಾಡಿಸದೆ ಬಿಟ್ಟದ್ದಲ್ಲ. ಒಂದೂವರೆ ವರ್ಷಕ್ಕೇ ಶುರು ಮಾಡಿದ್ದೆವು. ಅದೇ ತಪ್ಪಾಯಿತೋ ಏನೋ" ಎಂದರು. ಅವರು ಹೇಳಿದ್ದನ್ನು ಕೇಳುತ್ತಾ ಹೋದಂತೆ ನಮ್ಮ ಪ್ರಶ್ನೆಯ ಬಗ್ಗೆ ನಮಗೇ ನಾಚಿಕೆಯಾಯಿತು. ಡೈಪರ್ ಬಿಟ್ಟ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವುದಾಗಿ ಶಿಶುವಿಹಾರದವರು ಹೇಳಿದ್ದರು. ಅದೇ ಪ್ರಾಯದ ನೆಂಟರ ಮಗುವೊಂದು ಆಗಲೇ "ಎಲ್ಲವನ್ನೂ ಹೇಳುತ್ತಿತ್ತು". ಹಾಗಾಗಿ ಈ ಮಗುವನ್ನು ದಿನಕ್ಕೆ ಹಲವು ಬಾರಿ ಅರ್ಧ ಗಂಟೆಯವರೆಗೆ ಪಾಟಿಯ ಮೇಲೆ ಬಲವಂತವಾಗಿ ಕೂರಿಸಲಾಯಿತು. ಚಡ್ಡಿ ಒದ್ದೆಯಾದರೆ ಗದರಿಕೆ, ಕೆಲವೊಮ್ಮೆ ಏಟು. ಮಗು ಬಾಗಿಲ ಹಿಂದೆ ಅಡಗಿ ಮಲವನ್ನು ತಡೆಹಿಡಿಯಲು ಕಲಿತಿತು. ಮೂರು ನಾಲ್ಕು ದಿನ ಹೊಟ್ಟೆಯಲ್ಲಿಯೇ ಉಳಿದ ಮಲ ಗಟ್ಟಿಯಾಯಿತು. ಗಟ್ಟಿಯಾದದ್ದು ಹೊರಬರುವಾಗ ನೋಯಿತು. ನೋವಿಗೆ ಹೆದರಿ ಮಗು ಇನ್ನಷ್ಟು ತಡೆಹಿಡಿಯಿತು. ಹೀಗೆ ಕರುಳಿನ ತುದಿಯಲ್ಲಿ ಶೇಖರವಾದ ಮಲವು ಮೂತ್ರಕೋಶವನ್ನು ಒತ್ತುವುದರಿಂದಲೇ ಐದು ವರ್ಷವಾದರೂ ಹಗಲಿನಲ್ಲಿ ಮೂತ್ರ ಸೋರುತ್ತಿದೆ ಎಂದು ಮಕ್ಕಳ ವೈದ್ಯರು ವಿವರಿಸಿದ್ದರು. ಮದ್ದು ನಡೆಯುತ್ತಿತ್ತು. ಆ ಮಗು ಅಶಿಸ್ತಿನದ್ದಾಗಿರಲಿಲ್ಲ. ಶಿಸ್ತನ್ನು ಅಕಾಲದಲ್ಲಿ ಹೇರಿಸಿಕೊಂಡ ಮಗುವಾಗಿತ್ತು.

ಈ ವಿಷಯದ ಬಗ್ಗೆ ಬರೆಯಬೇಕೆಂದು ನಾವು ನಿರ್ಧರಿಸಿದ್ದು ಅಂದೇ. ಶೌಚಾಭ್ಯಾಸವನ್ನು ಯಾವಾಗ ಆರಂಭಿಸಬೇಕೆಂಬುದನ್ನು ಶಾಲೆಯ ಅರ್ಜಿಯಾಗಲಿ ನೆಂಟರ ಮಗುವಾಗಲಿ ತೀರ್ಮಾನಿಸಬಾರದು. ನಮ್ಮ ಮಗುವಿನ ದೇಹ ಮತ್ತು ಮನಸ್ಸು ಅದನ್ನು ತೀರ್ಮಾನಿಸಬೇಕು. ಅದನ್ನು ಓದಿ ತಿಳಿಯುವುದು ತಂದೆತಾಯಿಯರ ಹೊಣೆ.

ಪ್ರವಾದಿಯವರ(ಸ) ಮಡಿಲಿನಲ್ಲಿ

ಶುದ್ಧಿಗೆ ಇಸ್ಲಾಮ್ ನೀಡಿರುವ ಸ್ಥಾನವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಫಿಕ್ಹ್ ಗ್ರಂಥಗಳು ತಹಾರತ್‌ನ ಅಧ್ಯಾಯದಿಂದಲೇ ಆರಂಭವಾಗುತ್ತವೆ. ಮೂತ್ರದ ವಿಷಯದಲ್ಲಿ ಎಚ್ಚರ ವಹಿಸದವನು ಕಬರಿನಲ್ಲಿ ಶಿಕ್ಷೆ ಅನುಭವಿಸುತ್ತಿರುವ ಕುರಿತಾದ ಹದೀಸ್ ನಮಗೆಲ್ಲ ಗೊತ್ತು. ಆದರೆ ಆ ಎಚ್ಚರಿಕೆ ಇರುವುದು ಬುದ್ಧಿ ಬಲಿತವರಿಗೆ. ಎರಡು ವರ್ಷದ ಮಗುವಿಗೆ ಕಬರಿನ ಭಯ ತೋರಿಸಿ ಪಾಟಿಯ ಮೇಲೆ ಕೂರಿಸುವ ಮನೆಗಳನ್ನು ನಾವು ಕಂಡಿದ್ದೇವೆ. ಪ್ರಾಯಪ್ರಬುದ್ಧವಾಗುವ ತನಕ ಮಗುವಿನ ಮೇಲಿನಿಂದ ಲೇಖನಿಯನ್ನು ಎತ್ತಲಾಗಿದೆ ಎಂದು ಕಲಿಸಿದ ಧರ್ಮದ ಹೆಸರಿನಲ್ಲಿ ಹೀಗೆ ಮಾಡುವುದು ಅನ್ಯಾಯ.

ಉಮ್ಮು ಖೈಸ್ ಬಿಂತ್ ಮಿಹ್ಸನ್(ರ) ಇನ್ನೂ ಅನ್ನಾಹಾರ ಸೇವಿಸದ ತಮ್ಮ ಹಸುಳೆಯನ್ನು ಪ್ರವಾದಿಯವರ(ಸ) ಬಳಿಗೆ ತಂದ ಘಟನೆ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಮಡಿಲಲ್ಲಿ ಕುಳಿತ ಮಗು ಅವರ ವಸ್ತ್ರದ ಮೇಲೆಯೇ ಮೂತ್ರ ಮಾಡಿತು. ಪ್ರವಾದಿಯವರು(ಸ) ನೀರು ತರಿಸಿ ಅದರ ಮೇಲೆ ಚಿಮುಕಿಸಿದರು. ತಾಯಿಯನ್ನು ಆಕ್ಷೇಪಿಸಲಿಲ್ಲ, ಮಗುವನ್ನು ದೂಡಲಿಲ್ಲ. ಈ ಹದೀಸಿನ ಆಧಾರದಲ್ಲಿ, ಎರಡು ವರ್ಷ ತುಂಬದ, ಹಾಲಿನ ಹೊರತು ಬೇರೆ ಆಹಾರ ಸೇವಿಸದ ಗಂಡು ಮಗುವಿನ ಮೂತ್ರಕ್ಕೆ ನೀರು ಚಿಮುಕಿಸಿದರೆ ಸಾಕೆಂದು ಶಾಫಿಈ ಮದ್ಹಬ್ ಹೇಳುತ್ತದೆ. ಹನಫೀ ಮದ್ಹಬ್‌ನಲ್ಲಿ ತೊಳೆಯಲೇಬೇಕು. ಮಗು ಅನ್ನ ತಿನ್ನಲು ಆರಂಭಿಸಿದ ಮೇಲೆ ತೊಳೆಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ವಿಧಿ ಯಾವುದೇ ಇರಲಿ, ಅದು ಬಟ್ಟೆಯನ್ನು ಶುದ್ಧಗೊಳಿಸುವ ವಿಧಿ. ಮಗುವನ್ನು ಶಿಕ್ಷಿಸುವ ವಿಧಿಯಲ್ಲ.

ಮಸೀದಿಯಲ್ಲಿ ಮೂತ್ರ ಮಾಡಿದ ಮರುಭೂಮಿಯ ಹಳ್ಳಿಗನ ಘಟನೆಯನ್ನು ನಾವೇ ಎಷ್ಟೋ ಬಾರಿ ಪಾಠ ಮಾಡಿದ್ದೇವೆ. ಸಹಾಬಿಗಳು ಗದರಿಸಲು ಮುಂದಾದಾಗ ಪ್ರವಾದಿಯವರು(ಸ) ತಡೆದರು. ಅವನು ಮುಗಿಸುವ ತನಕ ಬಿಡಲು ಹೇಳಿದರು. ಬಳಿಕ ಒಂದು ಬಕೆಟ್ ನೀರು ಸುರಿಸಿದರು, ಅವನಿಗೆ ಮಸೀದಿಯ ಘನತೆಯನ್ನು ಮೃದುವಾಗಿ ತಿಳಿಸಿದರು. ತಮ್ಮವರಿಗೆ, ಅವರು ಕಳುಹಿಸಲ್ಪಟ್ಟಿರುವುದು ಸುಲಭಗೊಳಿಸಲಿಕ್ಕೆ ಎಂದು ನೆನಪಿಸಿದರು. ಮಧ್ಯದಲ್ಲಿ ತಡೆಹಿಡಿದಿದ್ದರೆ ಅವನ ದೇಹಕ್ಕೆ ಹಾನಿಯಾಗುತ್ತಿತ್ತೆಂದು ವಿದ್ವಾಂಸರು ವಿವರಿಸಿದ್ದಾರೆ. ಮಸೀದಿಯೊಳಗೆ ದೊಡ್ಡವನೊಬ್ಬನಿಗೆ ದೊರೆತ ಈ ಕರುಣೆ, ನಮ್ಮ ಮನೆಯ ಚಾಪೆಯ ಮೇಲೆ ಎರಡು ವರ್ಷದ ಮಗುವಿಗೆ ದೊರೆಯದೆ ಹೋಗುತ್ತಿದೆ.

ಮಗು ಸಿದ್ಧವಾಗಿದೆಯೆಂದು ತಿಳಿಯುವುದು ಹೇಗೆ?

ಮಲಮೂತ್ರಗಳನ್ನು ತಡೆದು ಬಿಡುವ ಸ್ನಾಯುಗಳ ಮೇಲೆ ಮಗುವಿಗೆ ಹಿಡಿತ ಬರುವುದು ನರಗಳು ಬಲಿತ ಮೇಲೆ. ಸಾಮಾನ್ಯವಾಗಿ ಒಂದೂವರೆ ವರ್ಷದ ನಂತರ ಅದು ಆರಂಭವಾಗುತ್ತದೆ. ಬಹುತೇಕ ಮಕ್ಕಳು ಎರಡರಿಂದ ಮೂರು ವರ್ಷದೊಳಗೆ ಸಿದ್ಧರಾಗುತ್ತಾರೆ. ಹೆಣ್ಣು ಮಕ್ಕಳು ತುಸು ಮುಂಚೆ, ಗಂಡು ಮಕ್ಕಳು ತುಸು ತಡವಾಗಿ ಕಲಿಯುವುದುಂಟು. 1962ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೇಝಲ್ಟನ್ ತಮ್ಮ ಬಳಿ ಬರುತ್ತಿದ್ದ 1,170 ಮಕ್ಕಳನ್ನು ಆಧರಿಸಿ, ಮಗುವಿನ ಸಿದ್ಧತೆಯನ್ನು ಕಾದು ಆರಂಭಿಸುವ ಕ್ರಮವನ್ನು ಮುಂದಿಟ್ಟರು. ಇಂದು ಮಕ್ಕಳ ವೈದ್ಯರು ನೀಡುವ ಸಲಹೆಯ ತಿರುಳೂ ಬಹುಮಟ್ಟಿಗೆ ಅದೇ.

ಪ್ರಾಯಕ್ಕಿಂತ ಲಕ್ಷಣಗಳು ಮುಖ್ಯ. ಮಗುವಿನ ಬಟ್ಟೆ ಅಥವಾ ಡೈಪರ್ ಹಗಲಿನಲ್ಲಿ ಎರಡು ಗಂಟೆಗಳಷ್ಟು ಕಾಲ ಒಣಗಿಯೇ ಇರುತ್ತದೆಯೇ? ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಕೆಲವೊಮ್ಮೆ ಒದ್ದೆಯಾಗಿರುವುದಿಲ್ಲವೇ? ಹಾಗಿದ್ದರೆ ಮೂತ್ರಕೋಶ ಹಿಡಿದಿಟ್ಟುಕೊಳ್ಳಲು ಕಲಿತಿದೆ. ಮಲ ಬರುವ ಮುನ್ನ ಮಗು ಆಟ ನಿಲ್ಲಿಸುತ್ತದೆಯೇ, ಮುಖ ಕೆಂಪಗೆ ಮಾಡುತ್ತದೆಯೇ, ಮೂಲೆಗೋ ಪರದೆಯ ಹಿಂದಕ್ಕೋ ಹೋಗುತ್ತದೆಯೇ? ಹಾಗಿದ್ದರೆ ಒಳಗಿನ ಸೂಚನೆಯನ್ನು ಅದು ಗುರುತಿಸುತ್ತಿದೆ. ಒದ್ದೆಯಾದುದನ್ನು ಅದು ಇಷ್ಟಪಡುವುದಿಲ್ಲವೇ, ಬದಲಿಸಲು ಕೇಳುತ್ತದೆಯೇ? ಸ್ವತಃ ನಡೆದು ಹೋಗಿ ಕುಳಿತುಕೊಳ್ಳಬಲ್ಲದೇ, ಚಡ್ಡಿಯನ್ನು ಕೆಳಗೆ ಎಳೆಯಬಲ್ಲದೇ? "ಚೆಂಡು ತಾ" ಎಂಬಂತಹ ಮಾತನ್ನು ಕೇಳಿ ಅದರಂತೆ ಮಾಡುತ್ತದೆಯೇ? ಮೂತ್ರ, ಮಲಗಳಿಗೆ ನಿಮ್ಮ ಮನೆಯಲ್ಲಿ ಬಳಸುವ ಮಾತನ್ನೋ ಸನ್ನೆಯನ್ನೋ ಅದು ಕಲಿತಿದೆಯೇ? ನೀವು ಒಳಗೆ ಹೋದಾಗ ಕುತೂಹಲದಿಂದ ಹಿಂದೆ ಬರುತ್ತದೆಯೇ? ಇವುಗಳಲ್ಲಿ ಹೆಚ್ಚಿನವಕ್ಕೆ ಹೌದೆಂಬ ಉತ್ತರವಿದ್ದರೆ ಆರಂಭಿಸಬಹುದು. ಎಲ್ಲವೂ ಒಂದೇ ದಿನ ಕೂಡಿಬರಬೇಕೆಂದಿಲ್ಲ. ಒಂದೂ ಕಾಣದಿದ್ದರೆ ಕಾಯಬೇಕು.

ಲಕ್ಷಣ ಕಂಡರೂ ಸಮಯ ನೋಡಿಕೊಳ್ಳಬೇಕು. ಮನೆಗೆ ಹೊಸ ಮಗು ಬಂದ ವಾರ, ಮನೆ ಬದಲಿಸುವಾಗ, ಮಗುವಿಗೆ ಭೇದಿ ಅಥವಾ ಮಲಬದ್ಧತೆ ಇರುವಾಗ, ಗಂಡು ಮಗುವಿನ ಖತನಾ ಆದ ಹೊಸತರಲ್ಲಿ ಆರಂಭಿಸುವುದು ಸರಿಯಲ್ಲ. ರಮಝಾನ್‌ನ ಕೊನೆಯ ಹತ್ತರಲ್ಲಿ ಉಪವಾಸ, ಅಡುಗೆ, ತರಾವೀಹ್‌ಗಳ ನಡುವೆ ದಣಿದಿರುವ ತಾಯಿಯ ತಾಳ್ಮೆಯ ಬಗ್ಗೆಯೂ ಯೋಚಿಸಬೇಕು.

ಅಜ್ಜಿಯಂದಿರ ಮಾತಿನಲ್ಲಿರುವ ಸತ್ಯ

"ನಮ್ಮ ಕಾಲದಲ್ಲಿ ವರ್ಷ ತುಂಬುವುದರೊಳಗೆ ಎಲ್ಲ ಮಕ್ಕಳೂ ಕಲಿಯುತ್ತಿದ್ದವು. ಈಗಿನ ತಾಯಂದಿರಿಗೆ ಸೋಮಾರಿತನ" ಎಂಬ ಮಾತನ್ನು ಅಜ್ಜಿಯಂದಿರು ಹೇಳುತ್ತಾರೆ. ಅದನ್ನು ತಳ್ಳಿಹಾಕುವಂತಿಲ್ಲ. ಅಂದು ತಾಯಿಯೋ ಅಜ್ಜಿಯೋ ಕಾಲು ಚಾಚಿ ಕುಳಿತು, ಪಾದಗಳ ಮೇಲೆ ಮಗುವನ್ನು ಕೂರಿಸಿ, ಬಾಯಿಯಿಂದ 'ಶ್ಶ್' ಎಂದು ಸದ್ದು ಮಾಡುತ್ತಿದ್ದರು. ದಿನವೂ ಅದೇ ಹೊತ್ತಿಗೆ, ಅದೇ ಸದ್ದಿಗೆ ಮಗುವಿನ ದೇಹ ಹೊಂದಿಕೊಳ್ಳುತ್ತಿತ್ತು. ಲಂಗೋಟಿ ಒದ್ದೆಯಾದೊಡನೆ ಮಗುವಿಗೆ ತಿಳಿಯುತ್ತಿತ್ತು, ಎತ್ತಿಕೊಂಡವರಿಗೂ ತಿಳಿಯುತ್ತಿತ್ತು. ಮನೆಯಲ್ಲಿ ನಾಲ್ಕು ಕೈಗಳಿದ್ದವು, ಹೊರಗೆ ಅಂಗಳವಿತ್ತು. ಅದು ಪ್ರೀತಿಯಿಂದ ಕೂಡಿದ ಜಾಣ್ಮೆ. ಆದರೆ ಅಲ್ಲಿ ಮಗುವಿನ ಸೂಚನೆಯನ್ನು ಓದಿ ಹೊತ್ತು ನೋಡುತ್ತಿದ್ದವರು ದೊಡ್ಡವರು. ಮಗು ತಾನಾಗಿ ತಡೆದು, ತಾನಾಗಿ ಹೇಳಿ, ತಾನಾಗಿ ಹೋಗುವುದು ಬೇರೆ ಕಲಿಕೆ. ಅದು ಅಂದೂ ನಿಧಾನವಾಗಿಯೇ ಬರುತ್ತಿತ್ತು.

ಇಂದಿನ ಡೈಪರ್ ಒದ್ದೆಯನ್ನು ಹೀರಿ ಅಡಗಿಸುತ್ತದೆ. ಬಾಡಿಗೆ ಮನೆಯ ಎರಡು ಕೋಣೆಗಳಲ್ಲಿ ಒಬ್ಬಂಟಿಯಾಗಿ ಎರಡು ಮಕ್ಕಳನ್ನು ಸಾಕುವ ತಾಯಿಗೆ ಅದು ನೆಮ್ಮದಿ ನೀಡಿದೆ ಎಂಬುದೂ ನಿಜ. ಆಕೆಯನ್ನು ಸೋಮಾರಿ ಎನ್ನುವ ಬದಲು, ಹಗಲು ಕೆಲವು ಗಂಟೆ ಡೈಪರ್ ತೆಗೆದು ಹತ್ತಿಯ ಚಡ್ಡಿ ಹಾಕಲು, ನೆಲ ಒರೆಸಲು ಅತ್ತೆಯೂ ಗಂಡನೂ ನೆರವಾದರೆ ಅಜ್ಜಿಯ ಜಾಣ್ಮೆ ಈ ಕಾಲಕ್ಕೂ ಉಳಿಯುತ್ತದೆ.

ಕಲಿಸುವ ಬಗೆ

ಮೊದಲು ಪಾಟಿಯನ್ನು ಪರಿಚಯಿಸಿ. ಬಟ್ಟೆ ಹಾಕಿಕೊಂಡೇ ಕುಳಿತು ಆಡಲಿ. ಕಮೋಡಿನ ಎತ್ತರಕ್ಕೂ ಫ್ಲಶ್‌ನ ಸದ್ದಿಗೂ ಮಕ್ಕಳು ಹೆದರುವುದುಂಟು. ಆ ಭಯವನ್ನು ಗೇಲಿ ಮಾಡಬಾರದು. ಕಮೋಡ್ ಬಳಸುವುದಾದರೆ ಪಾದ ಊರಲು ಮಣೆಯೊಂದನ್ನು ಇಡಿ. ಕಾಲು ತೂಗಾಡುತ್ತಿದ್ದರೆ ಮಗುವಿಗೆ ಮುಕ್ಕಲು ಬರುವುದಿಲ್ಲ. ಆಹಾರ ಹೊಟ್ಟೆಗೆ ಹೋದೊಡನೆ ಕರುಳು ಚುರುಕಾಗುವುದರಿಂದ ಊಟ ತಿಂಡಿಯ ನಂತರದ ಹೊತ್ತು ಉತ್ತಮ. ನಾಲ್ಕೈದು ನಿಮಿಷ ಸಾಕು, ಏಳುತ್ತೇನೆಂದರೆ ಏಳಲಿ. ಬಂದರೆ ಹೊಗಳಿ. ಬರದಿದ್ದರೆ ಮಾತಿಲ್ಲದೆ ಮುಂದಿನ ಹೊತ್ತಿಗೆ ಕಾಯಿರಿ. ನೆಲ ಒದ್ದೆಯಾದರೆ, "ಪರವಾಗಿಲ್ಲ, ಮುಂದಿನ ಸಲ ಅಲ್ಲಿ ಮಾಡೋಣ" ಎಂದು ಒರೆಸಿಬಿಡಿ. ಎರಡು ಮೂರು ವಾರ ಕಳೆದರೂ ಮಗು ಅಳುತ್ತಾ ಪ್ರತಿಭಟಿಸುತ್ತಿದ್ದರೆ ನಿಲ್ಲಿಸಿ, ಒಂದೆರಡು ತಿಂಗಳ ನಂತರ ಪುನಃ ಆರಂಭಿಸಿ. ಅದು ಸೋಲಲ್ಲ.

ನೀರಿನಿಂದ ಶುಚಿಗೊಳಿಸುವುದು, ಎಡಗೈ ಬಳಸುವುದು, ಎಡಗಾಲಿಟ್ಟು ಒಳಹೋಗಿ ಬಲಗಾಲಿಟ್ಟು ಹೊರಬರುವುದು, ಬಾಗಿಲ ಹೊರಗೆ ದುಆ ಹೇಳುವುದು, ಸೋಪಿನಿಂದ ಕೈ ತೊಳೆಯುವುದು: ಇವನ್ನು ನೀವು ಮಾಡಿ ತೋರಿಸಿ, ಹೇಳಿ ಕೇಳಿಸಿ. ಇಸ್ತಿಂಜಾವನ್ನು ಪೂರ್ಣವಾಗಿ ತಾನೇ ಮಾಡಲು ಮಗುವಿಗೆ ಇನ್ನೂ ಕೆಲವು ವರ್ಷ ಬೇಕು. ಮಕ್ಕಳಿಗೆ ನಮಾಝ್ ಆದೇಶಿಸಬೇಕಾದುದು ಏಳನೆಯ ವರ್ಷದಲ್ಲಿ. ಶುದ್ಧಿಯು ನಮಾಝಿನ ಶರತ್ತು. ಅಂದರೆ ಮೂರರಿಂದ ಏಳರ ತನಕ ನಾಲ್ಕು ವರ್ಷಗಳ ಬಿಡುವು ನಮ್ಮ ಕೈಯಲ್ಲಿದೆ. ಶರೀಅತ್ ಅವಸರಪಡದಲ್ಲಿ ನಾವೇಕೆ ಅವಸರಪಡಬೇಕು?

ನಮಾಝಿನ ಬಟ್ಟೆ ಅಶುದ್ಧವಾಗುತ್ತದೆಂಬ ಆತಂಕ ಅನೇಕ ತಾಯಂದಿರನ್ನು ಅವಸರಕ್ಕೆ ದೂಡುತ್ತದೆ. ನಮಾಝಿಗೆಂದೇ ಒಂದು ಜೊತೆ ಬಟ್ಟೆಯನ್ನೂ ಒಂದು ಮುಸಲ್ಲಾವನ್ನೂ ಮಗುವಿನ ಕೈಗೆ ಸಿಗದಂತೆ ಎತ್ತಿಟ್ಟರೆ ಆ ಆತಂಕದ ಬಹುಪಾಲು ತೀರುತ್ತದೆ. ಕಂಡ ನಜಸನ್ನು ತೊಳೆಯಿರಿ. ಕಾಣದ್ದನ್ನು ಶಂಕಿಸುತ್ತಾ ವಸ್‌ವಾಸಿಗೆ ಬೀಳಬೇಡಿ.

ಅಸಡ್ಡೆಯೂ ಕರುಣೆಯಲ್ಲ

ಕಾಯಬೇಕೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದಲ್ಲ. ಲಕ್ಷಣಗಳೆಲ್ಲ ಕಂಡ ಮೇಲೂ ಸುಲಭವೆಂದು ಮೂರೂವರೆ ವರ್ಷದ ಮಗುವನ್ನು ಹಗಲಿರುಳು ಡೈಪರಿನಲ್ಲಿಯೇ ಇಡುವವರಿದ್ದಾರೆ. ಕಲಿಯುವ ಹಂಬಲ ತೋರಿದ ಮಗುವಿಗೆ ಅವಕಾಶ ಕೊಡದಿರುವುದೂ ಅದರ ಹಕ್ಕನ್ನು ಕಸಿದಂತೆಯೇ. ನಾಲ್ಕು ವರ್ಷವಾದರೂ ಹಗಲಿನಲ್ಲಿ ಹಿಡಿತ ಬಾರದಿದ್ದರೆ, ಮೂತ್ರ ಮಾಡುವಾಗ ನೋವಿದ್ದರೆ, ಮಲ ಪದೇ ಪದೇ ಗಟ್ಟಿಯಾಗುತ್ತಿದ್ದರೆ, ಕಲಿತ ಮಗು ಕಾರಣವಿಲ್ಲದೆ ಮರೆತರೆ ವೈದ್ಯರಿಗೆ ತೋರಿಸಬೇಕು. ಇದಕ್ಕೆ ಮೊದಲೇ ತಾಯತ ಹುಡುಕುತ್ತಾ ಅಲೆಯುವುದರಲ್ಲಿ ಕಾಲ ವ್ಯಯವಾಗುತ್ತದೆ.

ರಾತ್ರಿಯ ವಿಷಯ ಬೇರೆ. ಹಗಲು ಕಲಿತ ಎಷ್ಟೋ ಮಕ್ಕಳು ಮತ್ತೂ ಕೆಲವು ವರ್ಷ ಹಾಸಿಗೆ ಒದ್ದೆ ಮಾಡುತ್ತಾರೆ. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಯಲ್ಲಿ ಇದು ಕಾಣುತ್ತದೆ. ನಿದ್ದೆಯಲ್ಲಿ ನಡೆದುದಕ್ಕೆ ಬೆಳಿಗ್ಗೆ ಶಿಕ್ಷಿಸುವುದು ಎಷ್ಟು ಸರಿ? ನಿದ್ರಿಸುವವನ ಮೇಲಿನಿಂದಲೂ ಲೇಖನಿ ಎತ್ತಲ್ಪಟ್ಟಿದೆಯಲ್ಲವೇ?

ಹಾಲು ಬಿಡಿಸುವ ವಿಷಯದಲ್ಲಿ ಖುರ್‌ಆನ್ ಎರಡು ವರ್ಷಗಳ ಅವಧಿಯನ್ನು ತಿಳಿಸಿ, ಅದಕ್ಕೆ ಮುಂಚೆ ಬಿಡಿಸುವುದಾದರೆ ತಂದೆತಾಯಿ ಪರಸ್ಪರ ಒಪ್ಪಿ, ಸಮಾಲೋಚಿಸಿ ನಿರ್ಧರಿಸುವ ಅವಕಾಶ ನೀಡಿದೆ (ಅಲ್ ಬಕರಃ, 233). ಮಗುವಿನ ಬಾಲ್ಯದ ಒಂದು ಹೆಜ್ಜೆಯನ್ನು ಇಬ್ಬರೂ ಕುಳಿತು ಮಾತನಾಡಿ ಇಡಬೇಕೆಂಬ ಈ ಪಾಠ ಇಲ್ಲಿಗೂ ಸಲ್ಲುತ್ತದೆ. ಪ್ರವೇಶದ ಅರ್ಜಿ ಕೈಯಲ್ಲಿ ಹಿಡಿದು ತಾಯಿಯೊಬ್ಬಳ ಮೇಲೆ ಹೊರೆ ಹೊರಿಸುವ ಮುನ್ನ ತಂದೆಯೂ ಮಗುವಿನ ಜೊತೆ ನಾಲ್ಕು ದಿನ ಕಳೆಯಲಿ. ಅದು ಸಿದ್ಧವಿದೆಯೇ ಎಂದು ತಾನೇ ನೋಡಲಿ. ಇಲ್ಲವಾದರೆ ಶಾಲೆಗೆ, "ನಮ್ಮ ಮಗುವಿಗೆ ಇನ್ನೂ ಆರು ತಿಂಗಳು ಬೇಕು" ಎಂದು ಹೇಳಲು ಹಿಂಜರಿಯದಿರಲಿ.

ಆ ಬಾಲಕನ ತಂದೆಯ ಮನೆಗೆ ನಾವು ಹೋಗಿ ಕ್ಷಮೆ ಕೇಳಿದೆವು. ಬಳಿಕ ತರಗತಿಯಲ್ಲಿ ಅವನನ್ನು ಬಾಗಿಲ ಪಕ್ಕ ಕೂರಿಸಿದೆವು. ಕೇಳದೆಯೇ ಎದ್ದು ಹೋಗಬಹುದೆಂದು ತಿಳಿಸಿದೆವು. ಮದ್ದು ಮತ್ತು ಮನೆಯವರ ತಾಳ್ಮೆಯಿಂದ ಕೆಲವು ತಿಂಗಳುಗಳಲ್ಲಿ ಅವನು ಗುಣಮುಖನಾದನು. ಮೊದಮೊದಲು ಎದ್ದು ಹೋಗುವಾಗಲೆಲ್ಲ ಅವನು ನಮ್ಮ ಮುಖವನ್ನು ಒಮ್ಮೆ ನೋಡುತ್ತಿದ್ದನು. ಗದರುತ್ತಾರೋ ಎಂಬ ಭಯ ಆ ನೋಟದಲ್ಲಿತ್ತು. ಅದು ಮರೆಯಾಗಲು ಮೂತ್ರದ ತೊಂದರೆಗಿಂತಲೂ ಹೆಚ್ಚು ಕಾಲ ಹಿಡಿಯಿತು.

ನಮ್ಮ ಮಕ್ಕಳನ್ನು ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆಯಿಂದ ಕಾಪಾಡುವ ವಿವೇಕವನ್ನೂ, ಅವರು ಸಿದ್ಧರಾದಾಗ ಕೈ ಹಿಡಿದು ಕಲಿಸುವ ತಾಳ್ಮೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.